ಕಟ್ಟುವ ಮುನ್ನ ನೆಲದ ಪರೀಕ್ಷೆ

ಬೆಂಗಳೂರಿನ ಆಗ್ನೇಯ ದಿಕ್ಕಿನಲ್ಲಿರುವ ಬೆಳ್ಳಂದೂರು ಒಂದು ಕಾಲಕ್ಕೆ ಕೆರೆಯ ನೀರನ್ನು ನಂಬಿ ಬದುಕಿದ ಬೇಸಾಯದ ಊರು. ಇಂದು ಆ ಹೆಸರನ್ನು ಕೇಳಿದೊಡನೆ ಹೊರ ವರ್ತುಲ ರಸ್ತೆಯ ಇಕ್ಕೆಲಗಳಲ್ಲಿ ಎದ್ದು ನಿಂತಿರುವ ಗಾಜಿನ ಕಟ್ಟಡಗಳೂ, ಅವುಗಳೊಳಗೆ ಗಣಕಯಂತ್ರಗಳ ಮುಂದೆ ಕುಳಿತು ದುಡಿಯುವ ಸಹಸ್ರಾರು ತರುಣ ತರುಣಿಯರೂ ನೆನಪಿಗೆ ಬರುತ್ತಾರೆ. ಅವರು ತಯಾರಿಸುವ ಪದಾರ್ಥಕ್ಕೆ ತೂಕವಿಲ್ಲ, ಬಣ್ಣವಿಲ್ಲ, ವಾಸನೆಯಿಲ್ಲ. ಅದಕ್ಕೆ ತಂತ್ರಾಂಶವೆಂದು ಹೆಸರು. ಬ್ಯಾಂಕಿನ ಲೆಕ್ಕ, ಕಾರ್ಖಾನೆಯ ಸಂಬಳದ ಪಟ್ಟಿ, ಆಸ್ಪತ್ರೆಯ ಔಷಧದ ಉಗ್ರಾಣ, ರೈಲಿನ ಟಿಕೆಟ್ಟು ಇವೆಲ್ಲವೂ ಈಗ ಅದರ ಆಧೀನದಲ್ಲಿವೆ. ಈ ಪತ್ರಿಕೆಯನ್ನು ಓದುವ ವಿದ್ಯಾರ್ಥಿಗಳಲ್ಲಿ ಅನೇಕರು ಮುಂದೆ ಇಂಥ ಕಟ್ಟಡಗಳಲ್ಲಿಯೇ ಕೆಲಸಕ್ಕೆ ಸೇರತಕ್ಕವರು. ಆದಕಾರಣ ಅವರ ಮುಂದೆ ಒಂದು ಅಭಿಪ್ರಾಯವನ್ನು ಇಡಬಯಸುತ್ತೇನೆ. ವ್ಯವಹಾರಕ್ಕೆ ಬೇಕಾದ ತಂತ್ರಾಂಶವೊಂದನ್ನು ರಚಿಸುವ ಕಾರ್ಯದಲ್ಲಿ ಅತಿ ಮುಖ್ಯವಾದ ಭಾಗವು ಗಣಕಯಂತ್ರದ ಮುಂದೆ ಕುಳಿತುಕೊಳ್ಳುವುದಕ್ಕೆ ಮುಂಚೆಯೇ ನಡೆಯತಕ್ಕದ್ದು. ಆ ಭಾಗವನ್ನು ಕಲಿಸುವುದರಲ್ಲಿ ನಮ್ಮ ಕಾಲೇಜುಗಳು ಹಿಂದುಳಿದಿವೆ. ಇದನ್ನು ಸರಿಪಡಿಸುವುದು ನಮ್ಮ ಕೈಯಲ್ಲೇ ಇದೆ.

ಬೆಳ್ಳಂದೂರಿನ ನೆಲವೇ ಈ ಮಾತಿಗೆ ಮೊದಲನೆಯ ಸಾಕ್ಷಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿರುವ ಪ್ರಸ್ಥಭೂಮಿಯ ಮೇಲಿದೆ. ನಗರದ ಒಂದು ದೊಡ್ಡ ಭಾಗದ ಮಳೆಯ ನೀರು ರಾಜಕಾಲುವೆಗಳ ಮೂಲಕ ಕೆರೆಯಿಂದ ಕೆರೆಗೆ ಇಳಿದು, ಬೆಳ್ಳಂದೂರು ಕೆರೆಯನ್ನು ಹೊಕ್ಕು, ಅಲ್ಲಿಂದ ವರ್ತೂರು ಕೆರೆಗೆ ಹರಿದು, ಕೊನೆಗೆ ದಕ್ಷಿಣ ಪಿನಾಕಿನಿ ನದಿಯನ್ನು ಸೇರುತ್ತದೆ. 2022ರ ಸೆಪ್ಟೆಂಬರ್ ತಿಂಗಳ ಮೊದಲ ವಾರದಲ್ಲಿ ಬಿದ್ದ ಭಾರಿ ಮಳೆಗೆ ಹೊರ ವರ್ತುಲ ರಸ್ತೆಯು ಹೊಳೆಯಾಯಿತು. ಕಚೇರಿಯ ನೌಕರರು ಟ್ರ್ಯಾಕ್ಟರುಗಳನ್ನೇರಿ ಕೆಲಸಕ್ಕೆ ಹೋದ ಚಿತ್ರಗಳು ದೇಶದ ಪತ್ರಿಕೆಗಳಲ್ಲೆಲ್ಲ ಅಚ್ಚಾದುವು. ಕಟ್ಟಡಗಳೇನೂ ಕುಸಿದು ಬೀಳಲಿಲ್ಲ. ಅವುಗಳ ಕಂಬಗಳೂ ತೊಲೆಗಳೂ ಗಟ್ಟಿಯಾಗಿಯೇ ಇದ್ದುವು. ಆದರೆ ನೀರು ಹರಿಯುತ್ತಿದ್ದ ಹಳೆಯ ದಾರಿಗಳು ಕಿರಿದಾಗಿದ್ದುವು. ಕೆಲವು ಕಡೆ ಮುಚ್ಚಿಯೇ ಹೋಗಿದ್ದುವು. ಕಟ್ಟುವ ಕೌಶಲದಲ್ಲಿ ಕೊರತೆಯಿಲ್ಲದಿದ್ದರೂ ನೆಲವನ್ನು ಅರಿಯುವುದರಲ್ಲಿ ಕೊರತೆಯಿದ್ದರೆ ಏನಾಗುತ್ತದೆಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ದೃಷ್ಟಾಂತವು ದೊರೆಯುವುದು ಕಷ್ಟ.

ಭೌತಶಾಸ್ತ್ರದ ಪ್ರಯೋಗಶಾಲೆಗೆ ಬಂದ ವಿದ್ಯಾರ್ಥಿಗೆ ನಾವು ಮೊದಲು ಕಲಿಸುವುದು ಇದೇ ವಿಷಯವನ್ನು. ವರ್ನಿಯರ್ ಕ್ಯಾಲಿಪರಿನಿಂದ ಒಂದು ಗುಂಡಿನ ವ್ಯಾಸವನ್ನು ಅಳೆಯುವ ಮೊದಲು ಅದರ ದವಡೆಗಳನ್ನು ಮುಚ್ಚಿ, ಎರಡು ಅಳತೆಪಟ್ಟಿಗಳ ಸೊನ್ನೆಗಳೂ ಒಂದಕ್ಕೊಂದು ನೇರವಾಗಿವೆಯೆ ಎಂದು ನೋಡಬೇಕು. ನೇರವಾಗಿಲ್ಲದಿದ್ದರೆ ಅದಕ್ಕೆ ಶೂನ್ಯದೋಷವೆನ್ನುತ್ತಾರೆ. ಕೈ ನಡುಗಿದ್ದರಿಂದಲೋ ಕಣ್ಣು ಓರೆಯಾದುದರಿಂದಲೋ ಆಗುವ ತಪ್ಪು ಒಮ್ಮೆ ಹೆಚ್ಚಾಗಿಯೂ ಒಮ್ಮೆ ಕಡಿಮೆಯಾಗಿಯೂ ಬರುವುದರಿಂದ, ಹಲವು ಸಲ ಅಳೆದು ಸರಾಸರಿ ತೆಗೆದರೆ ಅದು ಬಹುಮಟ್ಟಿಗೆ ಕಳೆದುಹೋಗುತ್ತದೆ. ಶೂನ್ಯದೋಷವು ಹಾಗೆ ಕಳೆಯುವುದಿಲ್ಲ. ನೂರು ಸಲ ಅಳೆದರೆ ನೂರು ಅಳತೆಗಳಲ್ಲಿಯೂ ಅದು ಅಷ್ಟೇ ಪ್ರಮಾಣದಲ್ಲಿ, ಅದೇ ದಿಕ್ಕಿನಲ್ಲಿ ಇರುತ್ತದೆ. ತಂತ್ರಾಂಶವನ್ನು ಬರೆಯುವವನು ವ್ಯವಹಾರವನ್ನು ತಪ್ಪಾಗಿ ತಿಳಿದುಕೊಂಡಿದ್ದರೆ ಆ ತಪ್ಪು ಶೂನ್ಯದೋಷದಂಥದು. ಅವನು ತನ್ನ ಕ್ರಮವಿಧಿಯನ್ನು ಎಷ್ಟು ಸಲ ಪರೀಕ್ಷಿಸಿದರೂ ಅದನ್ನು ತನ್ನ ತಿಳಿವಳಿಕೆಯೊಡನೆಯೇ ಹೋಲಿಸಿ ನೋಡುತ್ತಾನೆ. ತಿಳಿವಳಿಕೆಯೇ ವಕ್ರವಾಗಿದ್ದ ಮೇಲೆ ಎಲ್ಲ ಪರೀಕ್ಷೆಗಳೂ ಸರಿಯೆಂದೇ ಹೇಳುತ್ತವೆ.

ಇಂಥ ದೋಷವು ಎಷ್ಟು ದೂರ ಹೋಗಬಲ್ಲದೆಂಬುದನ್ನು ಅಮೆರಿಕದ ನಾಸಾ ಸಂಸ್ಥೆಯು 1998ರ ಡಿಸೆಂಬರಿನಲ್ಲಿ ಹಾರಿಸಿದ ಮಂಗಳನ ಹವಾಮಾನ ವೀಕ್ಷಣೆಯ ನೌಕೆಯು ತೋರಿಸಿಕೊಟ್ಟಿತು. ನೌಕೆಯ ಸಣ್ಣ ರಾಕೆಟ್ಟುಗಳು ಕೊಟ್ಟ ನೂಕುಬಲದ ಲೆಕ್ಕವನ್ನು ಒಂದು ಕ್ರಮವಿಧಿಯು ಪೌಂಡು-ಸೆಕೆಂಡುಗಳಲ್ಲಿ ಹೇಳುತ್ತಿತ್ತು. ಅದನ್ನು ಪಡೆದು ದಾರಿಯನ್ನು ಗಣಿಸುವವರು ನ್ಯೂಟನ್-ಸೆಕೆಂಡುಗಳೆಂದು ಭಾವಿಸಿದ್ದರು. ಒಂದು ಪೌಂಡು ಬಲವು ಸುಮಾರು 4.45 ನ್ಯೂಟನ್ನುಗಳಿಗೆ ಸಮ. ತತ್ಫಲವಾಗಿ 1999ರ ಸೆಪ್ಟೆಂಬರ್ 23ರಂದು ನೌಕೆಯು ಗೊತ್ತುಪಡಿಸಿದ ಎತ್ತರಕ್ಕಿಂತ ಬಹಳ ಕೆಳಗೆ ಮಂಗಳದ ವಾಯುಮಂಡಲವನ್ನು ಹೊಕ್ಕು ನಾಶವಾಯಿತು. ಎರಡು ಕಡೆಯ ಗಣಿತವೂ ಅದರದರ ಮಟ್ಟಿಗೆ ಸರಿಯಾಗಿತ್ತು. "ಈ ಅಂಕಿಗೆ ನಿಮ್ಮಲ್ಲಿ ಅರ್ಥವೇನು?" ಎಂಬ ಪ್ರಶ್ನೆಯೊಂದು ಮಾತ್ರ ಉಳಿದುಹೋಗಿತ್ತು.

ವ್ಯವಹಾರದ ತಂತ್ರಾಂಶದಲ್ಲಿ ಈ ಪ್ರಶ್ನೆಯು ಇನ್ನೂ ಕಠಿಣವಾಗುತ್ತದೆ. ನ್ಯೂಟನ್ನಿಗೆ ಲೋಕವೆಲ್ಲ ಒಪ್ಪಿದ ಒಂದು ನಿರೂಪಣೆಯುಂಟು. 'ಗಿರಾಕಿ', 'ಬಾಕಿ', 'ರಜೆ', 'ಮಾಲು ಬಂದಿದೆ' ಎಂಬ ಮಾತುಗಳಿಗೆ ಅಂಥ ನಿರೂಪಣೆಯಿಲ್ಲ. ಒಂದೇ ಕಾರ್ಖಾನೆಯ ಉಗ್ರಾಣದವನಿಗೆ ಮಾಲು ಬರುವುದೆಂದರೆ ಲಾರಿಯಿಂದ ಇಳಿಯುವುದು. ಲೆಕ್ಕದ ಗುಮಾಸ್ತನಿಗೆ ಬಿಲ್ಲು ಕೈಸೇರುವುದು. ತಪಾಸಣೆಯವನಿಗೆ ಪರೀಕ್ಷೆ ಮುಗಿದು ಮುದ್ರೆ ಬೀಳುವುದು. ಮೂವರನ್ನೂ ಕೇಳದೆ ಕ್ರಮವಿಧಿಯನ್ನು ಬರೆದರೆ ಮೂವರಿಗೂ ಸಲ್ಲದ ಯಂತ್ರವು ಸಿದ್ಧವಾಗುತ್ತದೆ. ವಿನಾಯಕನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದನೆಂಬ ಗಾದೆಯು ಇಲ್ಲಿ ಅಕ್ಷರಶಃ ಸಲ್ಲುತ್ತದೆ.

ನಮ್ಮ ರಾಜ್ಯದಲ್ಲಿಯೇ ಇದಕ್ಕೆ ದೊಡ್ಡದೊಂದು ನಿದರ್ಶನವಿದೆ. ಅದು 'ಭೂಮಿ' ಯೋಜನೆ. ರೈತನ ಜಮೀನಿನ ಸರ್ವೆ ನಂಬರು, ವಿಸ್ತೀರ್ಣ, ಒಡೆಯನ ಹೆಸರು, ಸಾಲದ ಭಾರ, ಬೆಳೆ ಮೊದಲಾದವುಗಳನ್ನು ತಿಳಿಸುವ ಪತ್ರಕ್ಕೆ ಪಹಣಿಯೆಂದು ಹೆಸರು. ಬ್ಯಾಂಕಿನಲ್ಲಿ ಬೆಳೆಸಾಲ ಬೇಕಾದರೂ, ನ್ಯಾಯಾಲಯದಲ್ಲಿ ಹಕ್ಕನ್ನು ಸಾಧಿಸಬೇಕಾದರೂ ಪಹಣಿ ಬೇಕು. ಇದನ್ನು ಬಹುಕಾಲ ಗ್ರಾಮಲೆಕ್ಕಿಗರು ಕೈಬರಹದಲ್ಲಿ ಬರೆದಿಡುತ್ತಿದ್ದರು. ಅವರ ಸಂಖ್ಯೆ ಸುಮಾರು 9,000. ಲೆಕ್ಕಿಗನು ಸಿಕ್ಕಿದಾಗ ಮಾತ್ರ ರೈತನಿಗೆ ಪಹಣಿ ಸಿಕ್ಕೀತು. ಹಲವು ಕಡೆ ಕೈ ಬೆಚ್ಚಗೆ ಮಾಡದೆ ಸಿಕ್ಕುತ್ತಲೂ ಇರಲಿಲ್ಲ. ಈ ದಾಖಲೆಗಳನ್ನು ಗಣಕಯಂತ್ರಕ್ಕೆ ಹತ್ತಿಸುವ ಮೊದಲ ಪ್ರಯೋಗವು 1991ರ ಸುಮಾರಿಗೆ ಆಗಿನ ಗುಲ್ಬರ್ಗಾ ಜಿಲ್ಲೆಯಲ್ಲಿ ಆರಂಭವಾಯಿತು. 1996ರ ಹೊತ್ತಿಗೆ ಎಲ್ಲ ಜಿಲ್ಲೆಗಳಿಗೂ ಇಂಥ ಯೋಜನೆಗಳು ಮಂಜೂರಾದುವು. ಆದರೂ ರೈತನಿಗೆ ಹೇಳಿಕೊಳ್ಳುವಂಥ ಪ್ರಯೋಜನವಾಗಲಿಲ್ಲ.

ಇದಕ್ಕೆ ಒಂದು ಮುಖ್ಯ ಕಾರಣವು ತೀರ ಸರಳವಾದದ್ದು. ದಾಖಲೆಗಳನ್ನು ವಾಸ್ತವವಾಗಿ ಇಟ್ಟುಕೊಂಡು ತಿದ್ದುತ್ತಿದ್ದುದು ತಾಲ್ಲೂಕಿನ ಮಟ್ಟದಲ್ಲಿ. ಅಲ್ಲಿ ಗಣಕಯಂತ್ರಗಳನ್ನು ಸ್ಥಾಪಿಸುವುದಕ್ಕೆ ಆ ಯೋಜನೆಗಳಲ್ಲಿ ಏರ್ಪಾಡೇ ಇರಲಿಲ್ಲ. ಜಮೀನಿನ ದಾಖಲೆಯು ಗ್ರಂಥಾಲಯದ ಹಳೆಯ ಪುಸ್ತಕದಂತೆ ಸ್ಥಿರವಾದದ್ದಲ್ಲ. ತಂದೆ ತೀರಿಕೊಂಡರೆ ಮಕ್ಕಳ ಹೆಸರಿಗೆ ಖಾತೆ ಬದಲಾಗುತ್ತದೆ. ಎರಡು ಎಕರೆಯಲ್ಲಿ ಹತ್ತು ಗುಂಟೆ ಮಾರಿದರೆ ಹೊಸ ಹಿಸ್ಸಾ ಹುಟ್ಟುತ್ತದೆ. ಹರಿಯುವ ನೀರಿನ ಛಾಯಾಚಿತ್ರವನ್ನು ತೆಗೆದಿಟ್ಟುಕೊಂಡು ಅದನ್ನೇ ಹೊಳೆಯೆಂದು ಭಾವಿಸಿದರೆ ಹೇಗೋ ಹಾಗೆ, ಒಂದು ಕಡೆ ದಾಖಲೆಯು ಬದಲಾಗುತ್ತಿರಲು ಇನ್ನೊಂದು ಕಡೆ ಅದನ್ನು ಯಂತ್ರಕ್ಕೆ ತುಂಬುತ್ತಿದ್ದರೆ, ತುಂಬಿ ಮುಗಿಸುವಷ್ಟರಲ್ಲಿ ಅದು ಹಳತಾಗಿರುತ್ತದೆ. "ಈ ಕಾಗದವು ಎಲ್ಲಿ ಹುಟ್ಟುತ್ತದೆ, ಯಾರ ಕೈಯಲ್ಲಿ ಬದಲಾಗುತ್ತದೆ?" ಎಂಬುದು ನೆಲದ ಪರೀಕ್ಷೆಯ ಮೊದಲ ಪ್ರಶ್ನೆ. ಅದಕ್ಕೆ ಉತ್ತರವು ತಾಲ್ಲೂಕು ಕಚೇರಿಯಲ್ಲಿತ್ತು.

ರಾಜೀವ್ ಚಾವ್ಲಾ ಎಂಬ ಐ.ಎ.ಎಸ್. ಅಧಿಕಾರಿಯ ನೇತೃತ್ವದಲ್ಲಿ, ರಾಷ್ಟ್ರೀಯ ಮಾಹಿತಿ ಕೇಂದ್ರವು ರಚಿಸಿದ ತಂತ್ರಾಂಶದೊಡನೆ, ಸುಮಾರು 2000-01ರಲ್ಲಿ ಜಾರಿಗೆ ಬಂದ 'ಭೂಮಿ'ಯು ಈ ಉತ್ತರದಿಂದಲೇ ಹೊರಟಿತು. ತಾಲ್ಲೂಕು ಕಚೇರಿಗಳಲ್ಲಿ ಗಣಕ ಕೇಂದ್ರಗಳು ತೆರೆದುವು. ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿಯಷ್ಟು ದಾಖಲೆಗಳು ಯಂತ್ರಕ್ಕೆ ಸೇರಿದುವು. 15 ರೂಪಾಯಿ ಕೊಟ್ಟ ರೈತನಿಗೆ ಅಚ್ಚಾದ ಪಹಣಿಯು ಕೈಗೆ ಬಂದಿತು. ಇದರಲ್ಲಿ ಮೂರು ಏರ್ಪಾಡುಗಳನ್ನು ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು. ಮೊದಲನೆಯದಾಗಿ, ಯಂತ್ರದ ಪಹಣಿಯು ಬಂದ ಕಡೆಗಳಲ್ಲಿ ಕೈಬರಹದ ಪಹಣಿಗೆ ಮಾನ್ಯತೆಯನ್ನು ರದ್ದು ಮಾಡಿದರು. ಎರಡೂ ಒಟ್ಟಿಗೆ ಇದ್ದಿದ್ದರೆ ಒಂದಕ್ಕೊಂದು ವಿರುದ್ಧವಾದ ಎರಡು ಸತ್ಯಗಳು ಊರಿನಲ್ಲಿ ತಿರುಗಾಡುತ್ತಿದ್ದುವು. ಎರಡನೆಯದಾಗಿ, ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲಿಯೇ ತೆಗೆದುಕೊಳ್ಳುವಂತೆ ಯಂತ್ರವನ್ನು ಕಟ್ಟಿದರು. ಹಿಂದಿನ ಅರ್ಜಿಯನ್ನು ಮುಂದಕ್ಕೆ ತಳ್ಳುವ ದಾರಿಯು ಇದರಿಂದ ಮುಚ್ಚಿತು. ಮೂರನೆಯದಾಗಿ, ಅಧಿಕಾರಿಯು ಬೆರಳಚ್ಚನ್ನು ಕೊಟ್ಟೇ ಯಂತ್ರದೊಳಗೆ ಹೋಗಬೇಕಾಗಿದ್ದುದರಿಂದ, ತಿದ್ದಿದವರು ಯಾರೆಂಬುದಕ್ಕೆ ಗುರುತು ಉಳಿಯುತ್ತಿತ್ತು. ಈ ಮೂರೂ ಗಣಿತದಿಂದ ಹುಟ್ಟಿದುವಲ್ಲ. ಕಚೇರಿಯ ನಡವಳಿಕೆಯನ್ನು ಹತ್ತಿರದಿಂದ ನೋಡಿದವರಿಗೆ ಮಾತ್ರ ಹೊಳೆಯತಕ್ಕವು.

ಇನ್ನೊಂದು ಸೂಕ್ಷ್ಮವೂ ಇದೆ. ಖಾತೆ ಬದಲಾವಣೆಗೆ ಮುನ್ನ ತಕರಾರು ಇದ್ದವರು ಮುಂದೆ ಬರಲೆಂದು 30 ದಿನಗಳ ನೋಟೀಸು ಕೊಡಬೇಕೆಂಬುದು ಆಗಿನ ನಿಯಮ. ಅರ್ಜಿಯು ಕಚೇರಿಯ ಬೀರುವಿನಲ್ಲಿ ಆರು ತಿಂಗಳು ಕೊಳೆಯುವುದೂ ವಿಳಂಬ. ಈ 30 ದಿನವೂ ವಿಳಂಬ. ಮೊದಲನೆಯದು ರೋಗ. ಎರಡನೆಯದು ತವರಿನ ಆಸ್ತಿಯಲ್ಲಿ ಪಾಲಿರುವ ಹೆಣ್ಣುಮಗಳಿಗೂ, ದೂರದ ಊರಿನಲ್ಲಿ ದುಡಿಯುವ ತಮ್ಮನಿಗೂ ಇರುವ ರಕ್ಷೆ. ಯಂತ್ರಕ್ಕೆ ಎರಡೂ ಬರಿಯ ಕಾಲವೇ. ಯಾವ ವಿಳಂಬವನ್ನು ಕಿತ್ತುಹಾಕಬೇಕು, ಯಾವುದನ್ನು ಕಾಪಾಡಬೇಕು ಎಂಬ ವಿವೇಕವು ನೆಲದಿಂದ ಬರತಕ್ಕದ್ದು.

'ಭೂಮಿ'ಯ ಕಥೆಯನ್ನು ಬರಿಯ ಹೊಗಳಿಕೆಯಿಂದ ಮುಗಿಸುವುದು ನ್ಯಾಯವಲ್ಲ. ಸೊಲೊಮನ್ ಬೆಂಜಮಿನ್ ಮತ್ತು ಅವರ ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಬೇರೊಂದು ಮುಖವನ್ನು ತೋರಿಸಿತು. ದಾಖಲೆಗಳು ಒಂದೆಡೆ ಸೇರಿ ಸುಲಭವಾಗಿ ಸಿಕ್ಕುವಂತಾದುದರಿಂದ ಬೆಂಗಳೂರಿನ ಸುತ್ತಣ ಜಮೀನನ್ನು ದೊಡ್ಡ ಪ್ರಮಾಣದಲ್ಲಿ ಕೊಳ್ಳುವ ಬಲಶಾಲಿಗಳಿಗೇ ಹೆಚ್ಚು ಅನುಕೂಲವಾಯಿತೆಂದೂ, ಊರಿನಲ್ಲಿ ಬಳಕೆಯಲ್ಲಿದ್ದ ನಾನಾ ಬಗೆಯ ಹಿಡುವಳಿಗಳು ಯಂತ್ರದ ಕೋಷ್ಟಕದಲ್ಲಿ ಚಪ್ಪಟೆಯಾದುವೆಂದೂ ಅವರು ವಾದಿಸಿದರು. ಈ ವಾದವನ್ನು ಪೂರ್ತಿಯಾಗಿ ಒಪ್ಪದವರೂ ಅದರಿಂದ ಒಂದು ಪಾಠವನ್ನು ಕಲಿಯಬಹುದು. ಯಂತ್ರದಿಂದ ಯಾರಿಗೆ ಲಾಭವೆಂದು ಕೇಳಿದಷ್ಟೇ ಶ್ರದ್ಧೆಯಿಂದ ಯಾರಿಗೆ ನಷ್ಟವಾದೀತೆಂದೂ ಮೊದಲೇ ಕೇಳಬೇಕು.

ವ್ಯವಹಾರಕ್ಕೆ ಗಣಕಯಂತ್ರವನ್ನು ಬಳಸಿದ ಮೊದಲನೆಯವರೇ ಈ ಕ್ರಮವನ್ನು ಅನುಸರಿಸಿದ್ದರೆಂಬುದು ತಿಳಿಯಬೇಕಾದ ಸಂಗತಿ. ಬ್ರಿಟನ್ನಿನಲ್ಲಿ ಚಹದ ಅಂಗಡಿಗಳನ್ನೂ ಬೇಕರಿಗಳನ್ನೂ ನಡೆಸುತ್ತಿದ್ದ ಜೆ. ಲಯನ್ಸ್ ಎಂಬ ಸಂಸ್ಥೆಯು ಕೇಂಬ್ರಿಜ್ ವಿಶ್ವವಿದ್ಯಾಲಯದ ಯಂತ್ರವನ್ನು ಮಾದರಿಯಾಗಿಟ್ಟುಕೊಂಡು 'ಲಿಯೋ' ಎಂಬ ಗಣಕಯಂತ್ರವನ್ನು ತಾನೇ ನಿರ್ಮಿಸಿತು. 1951ರ ನವೆಂಬರಿನಲ್ಲಿ ಅದು ಬೇಕರಿಯ ಲೆಕ್ಕವನ್ನು ಕ್ರಮವಾಗಿ ಮಾಡತೊಡಗಿತು. ಆದರೆ ಆ ಸಂಸ್ಥೆಯು ಕಚೇರಿಯ ಕೆಲಸಗಳ ಪದ್ಧತಿಯನ್ನು ಅಭ್ಯಸಿಸುವ ವಿಭಾಗವೊಂದನ್ನು 1930ರ ದಶಕದಲ್ಲಿಯೇ, ಎಂದರೆ ಗಣಕಯಂತ್ರವು ಕನಸಾಗಿದ್ದ ಕಾಲದಲ್ಲಿಯೇ, ಏರ್ಪಡಿಸಿಕೊಂಡಿತ್ತು. ಮುಂದೆ ಚಹದ ಅಂಗಡಿಗಳ ನಿತ್ಯದ ಬೇಡಿಕೆಗಳನ್ನು ಯಂತ್ರಕ್ಕೆ ಒಪ್ಪಿಸುವಾಗ ಈ ಅಭ್ಯಾಸದ ಫಲವು ಕಂಡಿತು. ಒಂದು ಅಂಗಡಿಗೆ ದಿನವೂ ಬೇಕಾಗುವ ರೊಟ್ಟಿ, ಕೇಕು ಮೊದಲಾದವುಗಳ ಪ್ರಮಾಣವು ಬಹುಮಟ್ಟಿಗೆ ಒಂದೇ ಸಮನಾಗಿರುತ್ತದೆ. ಆದುದರಿಂದ ಮಾಮೂಲಿನ ಬೇಡಿಕೆಯನ್ನು ಯಂತ್ರದಲ್ಲಿಯೇ ಇಟ್ಟು, ಅಂಗಡಿಯ ಮೇಲ್ವಿಚಾರಕಿಯು ಆ ದಿನದ ಹೆಚ್ಚುಕಡಿಮೆಯನ್ನು ಮಾತ್ರ ದೂರವಾಣಿಯಲ್ಲಿ ತಿಳಿಸುವಂತೆ ಮಾಡಿದರು. ಕಡಿಮೆ ಶಕ್ತಿಯ ಆ ಕಾಲದ ಯಂತ್ರದಿಂದಲೂ ಕೆಲಸವು ಸಾಗಿತು. ನಮ್ಮ ಬೀದಿಯ ಹೋಟೆಲಿನವನು ಹಾಲಿನವನಿಗೆ "ನಾಳೆ ಮಾಮೂಲಿಗಿಂತ ಹತ್ತು ಲೀಟರು ಜಾಸ್ತಿ" ಎನ್ನುವುದಿಲ್ಲವೆ? ಅದೇ ಯುಕ್ತಿ. ಯಂತ್ರದೊಳಗೆ ಹುಡುಕಿದ್ದರೆ ಅದು ಸಿಕ್ಕುತ್ತಿರಲಿಲ್ಲ. ಅಂಗಡಿಯಲ್ಲಿ ನಿಂತು ನೋಡಿದವರಿಗೆ ಸಿಕ್ಕಿತು.

ಈಗ ವಿದ್ಯಾರ್ಥಿಗಳೇ ಮಾಡಿ ನೋಡಬಹುದಾದ ಒಂದು ಅಭ್ಯಾಸವನ್ನು ಸೂಚಿಸುತ್ತೇನೆ. ಬೆಳ್ಳಂದೂರಿನ ಸುತ್ತಮುತ್ತ ಟ್ಯಾಂಕರಿನಲ್ಲಿ ನೀರನ್ನು ಒದಗಿಸುವ ವ್ಯವಹಾರವು ದೊಡ್ಡದು. ಅಂಥ ಮಾಲೀಕನೊಬ್ಬನು ನಿಮ್ಮನ್ನು ಕರೆದು, "ನನ್ನ ಲೆಕ್ಕಕ್ಕೆ ಒಂದು ತಂತ್ರಾಂಶ ಮಾಡಿಕೊಡಿ" ಎಂದನೆಂದು ಊಹಿಸಿಕೊಳ್ಳಿ. ಎಲ್ಲಿಂದ ಆರಂಭಿಸುವಿರಿ?

ಮೊದಲು ಪ್ರಮಾಣಗಳ ಸ್ಥೂಲ ಲೆಕ್ಕವನ್ನು ಹಾಕಿ. 300 ಮನೆಗಳಿರುವ ಅಪಾರ್ಟ್‌ಮೆಂಟಿನಲ್ಲಿ ಮನೆಗೆ ನಾಲ್ವರೆಂದೂ, ಒಬ್ಬರಿಗೆ ದಿನಕ್ಕೆ 135 ಲೀಟರೆಂದೂ ಹಿಡಿದರೆ 1,62,000 ಲೀಟರು ನೀರು ಬೇಕು. ಅಷ್ಟನ್ನೂ 12,000 ಲೀಟರಿನ ಟ್ಯಾಂಕರುಗಳಿಂದಲೇ ಪೂರೈಸುವುದಾದರೆ 14 ಲೋಡುಗಳು. ಇಂಥ ಐದು ಅಪಾರ್ಟ್‌ಮೆಂಟುಗಳಿಗೆ ದಿನಕ್ಕೆ 70 ಲೋಡು, ವರ್ಷಕ್ಕೆ 25,550. ಒಂದು ಲೋಡಿನ ವಿವರಕ್ಕೆ 200 ಅಕ್ಷರಗಳೆಂದರೂ ವರ್ಷದ ಲೆಕ್ಕವೆಲ್ಲ ಸುಮಾರು 51 ಲಕ್ಷ ಅಕ್ಷರಗಳು. ಕೈಯಲ್ಲಿರುವ ಮೊಬೈಲಿನಿಂದ ತೆಗೆದ ಒಂದೆರಡು ಛಾಯಾಚಿತ್ರಗಳು ಇಷ್ಟೇ ಸ್ಥಳವನ್ನು ಆಕ್ರಮಿಸುತ್ತವೆ. ಈ ಲೆಕ್ಕದಿಂದ ಒಂದು ಮಾತು ಸ್ಪಷ್ಟವಾಯಿತು: ಈ ಸಮಸ್ಯೆಯ ಕಷ್ಟವು ಯಂತ್ರದ ಶಕ್ತಿಯಲ್ಲಿಲ್ಲ. ಹಾಗಾದರೆ ಅದು ಎಲ್ಲಿದೆಯೆಂದು ಹುಡುಕಬೇಕು.

ಮುಂದೆ ಮಾತುಗಳ ಅರ್ಥಕ್ಕೆ ಬನ್ನಿ. 'ಒಂದು ಲೋಡು' ಎಂದರೇನು? ಟ್ಯಾಂಕರುಗಳಲ್ಲಿ 6,000 ಲೀಟರಿನವು, 8,000 ಲೀಟರಿನವು, 12,000 ಲೀಟರಿನವು ಎಂದು ಭೇದಗಳುಂಟು. 12,000 ಲೀಟರಿನ ಗಾಡಿಯು ಬಂದು, ಸಂಪಿನಲ್ಲಿ 9,000 ಲೀಟರಿಗೆ ಮಾತ್ರ ಜಾಗವಿದ್ದು, ಉಳಿದ ನೀರಿನೊಡನೆ ಹಿಂದಿರುಗಿದರೆ ಮಾಲೀಕನು ಅದನ್ನು ಒಂದು ಲೋಡೆನ್ನುತ್ತಾನೆ, ಅಪಾರ್ಟ್‌ಮೆಂಟಿನವರು ಮುಕ್ಕಾಲು ಎನ್ನುತ್ತಾರೆ. ನೀರು ಮಾರಾಟವಾದದ್ದು ಯಾವಾಗ? ದೂರವಾಣಿಯಲ್ಲಿ ಹೇಳಿದಾಗಲೆ, ಗಾಡಿಯು ಕೊಳವೆ ಬಾವಿಯಿಂದ ಹೊರಟಾಗಲೆ, ವಾಚ್‌ಮನ್ ಚೀಟಿಗೆ ಸಹಿ ಹಾಕಿದಾಗಲೆ? ರಾತ್ರಿಯ ಪಾಳಿಯವನು ಸಹಿ ಹಾಕಲು ಒಪ್ಪದಿದ್ದರೆ? ಕೊಳವೆ ಬಾವಿಯಲ್ಲಿ ಕರೆಂಟು ಹೋಗಿ ಗಾಡಿಯು ಅರ್ಧ ತುಂಬಿಯೇ ಹೊರಟರೆ? ಮಾಮೂಲಿನ ಹಾದಿಯು ಎಲ್ಲರಿಗೂ ಗೊತ್ತು. ವ್ಯವಹಾರದ ಜಗಳಗಳೆಲ್ಲ ಇರುವುದು ಮಾಮೂಲು ತಪ್ಪಿದ ಕಡೆ. ಅಂಥ ಸಂದರ್ಭಗಳನ್ನು ಪಟ್ಟಿಮಾಡುವುದೇ ಪರೀಕ್ಷಕನ ಅರ್ಧ ಕೆಲಸ.

ದರದ ವಿಷಯವನ್ನು ನೋಡಿ. 'ಲೋಡಿಗೆ ಇಷ್ಟು' ಎಂದು ಒಂದೇ ಅಂಕಿಯನ್ನು ಕ್ರಮವಿಧಿಯಲ್ಲಿ ಬರೆದಿಟ್ಟವನ ಗತಿಯೇನು? 2024ರ ಮಾರ್ಚ್ ತಿಂಗಳಲ್ಲಿ ನೀರಿನ ಅಭಾವವು ತಲೆದೋರಿದಾಗ ಬೆಂಗಳೂರು ನಗರ ಜಿಲ್ಲಾಡಳಿತವು ಟ್ಯಾಂಕರಿನ ದರಗಳನ್ನು ಗೊತ್ತುಪಡಿಸಿತು. 5 ಕಿ.ಮೀ. ಒಳಗಾದರೆ 6,000 ಲೀಟರಿಗೆ 600, 8,000 ಲೀಟರಿಗೆ 700, 12,000 ಲೀಟರಿಗೆ 1,000 ರೂಪಾಯಿ. 5ರಿಂದ 10 ಕಿ.ಮೀ. ಆದರೆ ಕ್ರಮವಾಗಿ 750, 850, 1,200 ರೂಪಾಯಿ. ಎಂದರೆ ದರವು ಗಾತ್ರವನ್ನೂ ದೂರವನ್ನೂ ಅವಲಂಬಿಸಿದೆ; ಜೊತೆಗೆ ಯಾವ ತಾರೀಖಿನಿಂದ ಯಾವ ಆದೇಶವು ಜಾರಿಯಲ್ಲಿತ್ತೆಂಬುದನ್ನೂ ಅವಲಂಬಿಸಿದೆ. ಫೆಬ್ರವರಿಯ ಬಾಕಿಯನ್ನು ಮಾರ್ಚಿನ ದರದಲ್ಲಿ ಕಟ್ಟುವ ಯಂತ್ರವನ್ನು ಯಾರೂ ನಂಬಲಾರರು. ವ್ಯವಹಾರದಲ್ಲಿ ಯಾವುದು ಬದಲಾಗತಕ್ಕದ್ದು, ಯಾವುದು ನಿಲ್ಲತಕ್ಕದ್ದು ಎಂದು ವಿಂಗಡಿಸುವುದು ಭೌತಶಾಸ್ತ್ರದಲ್ಲಿ ಚರಾಂಕಗಳನ್ನೂ ಸ್ಥಿರಾಂಕಗಳನ್ನೂ ಬೇರ್ಪಡಿಸಿದಂತೆ. ಸ್ಥಿರವೆಂದು ಭಾವಿಸಿದ್ದು ಚಲಿಸಿದರೆ ಸಮೀಕರಣವೇ ಬೀಳುತ್ತದೆ.

ಇವನ್ನೆಲ್ಲ ತಿಳಿಯಲು ಮಾಲೀಕನ ಕೋಣೆಯಲ್ಲಿ ಕುಳಿತು ಮಾತನಾಡಿದರೆ ಸಾಲದು. ಅವನು ಹೇಳುವುದು ಕೆಲಸವು ಹೇಗೆ ನಡೆಯಬೇಕೆಂಬುದನ್ನು. ಅದು ಹೇಗೆ ನಡೆಯುತ್ತದೆಂಬುದನ್ನು ಡ್ರೈವರು ಬಲ್ಲ. ಅವನ ಪಕ್ಕದಲ್ಲಿ ಒಂದು ದಿನ ಗಾಡಿಯಲ್ಲಿ ಕುಳಿತು ತಿರುಗಬೇಕು. ಒಂದು ತಿಂಗಳ ಚೀಟಿಗಳನ್ನು ಕೇಳಿ ಪಡೆದು, ಎಷ್ಟರಲ್ಲಿ ಸಹಿಯಿಲ್ಲ, ಎಷ್ಟರಲ್ಲಿ ಅಂಕಿ ತಿದ್ದಿದೆ ಎಂದು ಎಣಿಸಬೇಕು. ಚೀಟಿಯು ಕೈಯಿಂದ ಕೈಗೆ ಸಾಗುವ ದಾರಿಯನ್ನು ಕಾಗದದ ಮೇಲೆ ಚಿತ್ರಿಸಬೇಕು. ಕೊನೆಗೆ ಆ ಚಿತ್ರವನ್ನು ಮಾಲೀಕ, ಡ್ರೈವರು, ಅಪಾರ್ಟ್‌ಮೆಂಟಿನ ವ್ಯವಸ್ಥಾಪಕ ಈ ಮೂವರ ಮುಂದೆಯೂ ಅವರಿಗೆ ತಿಳಿಯುವ ಭಾಷೆಯಲ್ಲಿ ಓದಿ ಹೇಳಿ, "ಹೀಗೇನು?" ಎಂದು ಕೇಳಬೇಕು. ಅವರು "ಹಾಗಲ್ಲ" ಎಂದ ಪ್ರತಿಯೊಂದು ಸಲವೂ ಒಂದು ಶೂನ್ಯದೋಷವು ಪತ್ತೆಯಾಯಿತೆಂದು ಸಂತೋಷಪಡಬೇಕು. ಇಷ್ಟಾದ ಮೇಲೆ, ತಿಂಗಳ ಕೊನೆಯ ಜಗಳಗಳೆಲ್ಲ ಸಹಿಯಿಲ್ಲದ ಚೀಟಿಗಳಿಂದಲೇ ಹುಟ್ಟುತ್ತಿವೆಯೆಂದೂ, ಕಾರ್ಬನ್ ಪ್ರತಿಯಿರುವ ಚೀಟಿಪುಸ್ತಕವೊಂದರಿಂದ ಮುಕ್ಕಾಲು ಪಾಲು ಪರಿಹಾರವಾಗುವುದೆಂದೂ ಕಂಡುಬರಬಹುದು. ಆಗ ಅದನ್ನೇ ಹೇಳುವ ಧೈರ್ಯವೂ ಬೇಕು. ಔಷಧ ಬೇಡವೆಂದು ಹೇಳಬಲ್ಲ ವೈದ್ಯನನ್ನು ನಾವು ಹೆಚ್ಚು ನಂಬುವುದಿಲ್ಲವೆ?

ಇದಕ್ಕೆ ಒಂದು ಆಕ್ಷೇಪವುಂಟು, ಅದು ಹಗುರವಾದದ್ದಲ್ಲ. ದೀರ್ಘವಾದ ಪೂರ್ವತನಿಖೆಯಿಂದ ಕಾಲವು ವ್ಯರ್ಥವಾಗುತ್ತದೆ, ದಪ್ಪ ವರದಿಯು ಸಿದ್ಧವಾಗುವಷ್ಟರಲ್ಲಿ ವ್ಯವಹಾರವೇ ಬದಲಾಗಿರುತ್ತದೆ, ಆದುದರಿಂದ ಚಿಕ್ಕದಾಗಿ ಆರಂಭಿಸಿ ಬಳಸುವವರಿಗೆ ಕೊಟ್ಟು ತಿದ್ದುತ್ತ ಹೋಗುವುದೇ ಮೇಲು ಎನ್ನುತ್ತಾರೆ. 2001ರ ಫೆಬ್ರವರಿಯಲ್ಲಿ ಅಮೆರಿಕದಲ್ಲಿ 17 ಮಂದಿ ತಜ್ಞರು ಸೇರಿ ಪ್ರಕಟಿಸಿದ 'ಅಗೈಲ್' ಘೋಷಣೆಯ ಬಳಿಕ ಈ ಮತವು ಬೆಳ್ಳಂದೂರಿನ ಕಚೇರಿಗಳಲ್ಲಿಯೂ ಬೇರೂರಿದೆ. ಇದರಲ್ಲಿ ಸತ್ಯವಿದೆ. ಯಾರೂ ಓದದ ಸಾವಿರ ಪುಟಗಳ ವರದಿಯು ನೆಲದ ಪರೀಕ್ಷೆಯಲ್ಲ, ಕಾಗದದ ರಾಶಿ. ಆದರೆ ಬಳಸುವವನ ಬಳಿಗೆ ಮತ್ತೆ ಮತ್ತೆ ಹೋಗಬೇಕೆಂದು ಹೇಳುವ ಪದ್ಧತಿಯನ್ನು, ಅವನ ಬಳಿಗೆ ಮೊದಲನೆಯ ಸಲವೂ ಹೋಗದೆ ಇರುವುದಕ್ಕೆ ನೆಪವಾಗಿ ಮಾಡಿಕೊಳ್ಳುವುದು ಸರಿಯಲ್ಲ. ಅಲ್ಲದೆ ಎಲ್ಲ ತಪ್ಪುಗಳನ್ನೂ ಆಮೇಲೆ ತಿದ್ದಲಾಗುವುದಿಲ್ಲ. ಗುಂಡಿಯ ಬಣ್ಣವನ್ನು ನಾಳೆ ಬದಲಾಯಿಸಬಹುದು. ಎರಡು ಕೋಟಿ ದಾಖಲೆಗಳನ್ನು ತುಂಬಿದ ಬಳಿಕ 'ಒಡೆಯ' ಎಂಬ ಮಾತಿನ ಅರ್ಥವನ್ನು ಬದಲಾಯಿಸುವುದು ಸುಲಭವಲ್ಲ. ಯಾವುದನ್ನು ತಿದ್ದಬಹುದು, ಯಾವುದನ್ನು ತಿದ್ದಲಾಗದು ಎಂಬುದನ್ನು ತಿಳಿಯಲಿಕ್ಕಾದರೂ ಮೊದಲು ನೆಲವನ್ನು ನೋಡಬೇಕು.

ಈ ಕರ್ತವ್ಯದಲ್ಲಿ ಮನುಷ್ಯರ ಮಾನವೂ ಅಡಗಿದೆ. ಬ್ರಿಟನ್ನಿನ ಅಂಚೆ ಇಲಾಖೆಯು 1999ರಿಂದ ತನ್ನ ಶಾಖೆಗಳಲ್ಲಿ 'ಹೊರೈಜನ್' ಎಂಬ ಲೆಕ್ಕದ ತಂತ್ರಾಂಶವನ್ನು ಸ್ಥಾಪಿಸಿತು. ದೋಷಗಳಿದ್ದ ಆ ಯಂತ್ರವು ತೋರಿಸಿದ ಹಣದ ಕೊರತೆಯನ್ನು ನಂಬಿ, ಸಣ್ಣ ಸಣ್ಣ ಊರುಗಳ ಅಂಚೆಯ ಶಾಖೆಗಳನ್ನು ನಡೆಸುತ್ತಿದ್ದವರ ಮೇಲೆ ಕಳ್ಳತನದ ಆರೋಪಗಳನ್ನು ಹೊರಿಸಲಾಯಿತು. 900ಕ್ಕೂ ಹೆಚ್ಚು ಮಂದಿಗೆ ಶಿಕ್ಷೆಯಾಯಿತು. ಕೆಲವರು ಸೆರೆಮನೆಯನ್ನು ಕಂಡರು. ಹಲವರು ಮನೆಮಾರುಗಳನ್ನು ಕಳೆದುಕೊಂಡರು. 2024ರಲ್ಲಿ ಅಲ್ಲಿನ ಪಾರ್ಲಿಮೆಂಟು ವಿಶೇಷ ಕಾನೂನಿನ ಮೂಲಕ ಆ ಶಿಕ್ಷೆಗಳನ್ನು ರದ್ದುಪಡಿಸಬೇಕಾಯಿತು. ಯಂತ್ರದ ಅಂಕಿಯು ತಪ್ಪೆಂದು ಶಾಖೆಯವನಿಗೆ ತೋರಿದರೆ ಅವನು ಅದನ್ನು ಹೇಗೆ ತೋರಿಸಿಕೊಟ್ಟಾನು, ಯಾರಿಗೆ ಹೇಳಿಯಾನು ಎಂಬ ಪ್ರಶ್ನೆಯು ಲೆಕ್ಕದ ಪ್ರತಿಯೊಂದು ತಂತ್ರಾಂಶದ ಅಡಿಪಾಯದಲ್ಲಿಯೂ ಇರಬೇಕು. ನಮ್ಮ ಪಡಿತರದ ಅಂಗಡಿಯಲ್ಲಿಯೂ, ಪಿಂಚಣಿಯ ಕಚೇರಿಯಲ್ಲಿಯೂ ಯಂತ್ರವು "ನಿಮ್ಮ ಹೆಸರಿಲ್ಲ" ಎಂದಾಗ ಬಾಗಿಲ ಬಳಿ ನಿಂತ ಮುದುಕಿಗೆ ಮುಂದಿನ ದಾರಿಯೇನೆಂದು ಯಾರಾದರೂ ಮೊದಲೇ ಯೋಚಿಸಿರಬೇಕಷ್ಟೆ.

ಇತ್ತೀಚಿನ ವರ್ಷಗಳಲ್ಲಿ ಕೃತಕ ಬುದ್ಧಿಮತ್ತೆಯ ಯಂತ್ರಗಳು ಕೇಳಿದ್ದೇ ತಡ ಕ್ರಮವಿಧಿಯನ್ನು ಬರೆದುಕೊಡುತ್ತಿವೆ. ಇನ್ನು ನಮಗೆ ಕೆಲಸವೇನು ಎಂದು ವಿದ್ಯಾರ್ಥಿಗಳು ಕಳವಳಪಡುವುದನ್ನು ಕಾಣುತ್ತಿದ್ದೇನೆ. ಬರೆಯುವ ಕೆಲಸವು ಅಗ್ಗವಾದಷ್ಟೂ ಏನನ್ನು ಬರೆಯಬೇಕೆಂದು ನಿರ್ಣಯಿಸುವ ಕೆಲಸದ ಬೆಲೆಯು ಏರುತ್ತದೆ. ಟ್ಯಾಂಕರಿನಲ್ಲಿ ಕುಳಿತು ತಿರುಗಿ, ರಾತ್ರಿಯ ಪಾಳಿಯ ವಾಚ್‌ಮನ್ ಸಹಿಗೆ ಏಕೆ ಹೆದರುತ್ತಾನೆಂದು ತಿಳಿದು ಬರುವ ಕೆಲಸವನ್ನು ಯಾರಾದರೂ ಹೋಗಿಯೇ ಮಾಡಬೇಕು.

ಆದಕಾರಣ ನನ್ನ ಸಲಹೆ ಇಷ್ಟು. ಪದವಿಯ ಕೊನೆಯ ವರ್ಷದಲ್ಲಿ ವಿದ್ಯಾರ್ಥಿಗಳು ಮಾಡುವ ತಂತ್ರಾಂಶದ ಯೋಜನೆಗಳಿಗೆ ಕೊಡುವ ಅಂಕಗಳಲ್ಲಿ ಮೂರನೆಯ ಒಂದು ಭಾಗವನ್ನು ಪೂರ್ವಸಿದ್ಧತೆಗೆ ಮೀಸಲಿಡಬೇಕು. ಮೊದಲ ನಾಲ್ಕು ವಾರ ಗಣಕಯಂತ್ರವನ್ನು ಮುಟ್ಟದೆ ಹಾಲಿನ ಸಹಕಾರ ಸಂಘಕ್ಕೋ, ಪೀಣ್ಯದ ಸಣ್ಣ ಯಂತ್ರಾಗಾರಕ್ಕೋ, ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಗೋ ಹೋಗಿ ನೋಡಿ ಬರೆದುಕೊಳ್ಳಬೇಕು. ಪ್ರಯೋಗಶಾಲೆಯ ದಾಖಲೆ ಪುಸ್ತಕದಂತೆಯೇ ಇದಕ್ಕೂ ಒಂದು ಪುಸ್ತಕವಿದ್ದು, ಅದರಲ್ಲಿ ಕಂಡದ್ದನ್ನೂ ಊಹಿಸಿದ್ದನ್ನೂ ಬೇರೆ ಬೇರೆಯಾಗಿ ಬರೆಯಬೇಕು. ಅಲ್ಲಿ ದುಡಿಯುವವರಿಗೆ ತಿಳಿಯುವಂತೆ ಕನ್ನಡದಲ್ಲಿ ಬರೆದ ನಾಲ್ಕು ಪುಟಗಳನ್ನು ಅವರ ಮುಂದೆ ಓದಿ ಒಪ್ಪಿಗೆಯನ್ನು ಪಡೆದ ಬಳಿಕವೇ ಕ್ರಮವಿಧಿಗೆ ಕೈ ಹಾಕಬೇಕು. ಇದಕ್ಕೆ ಹೊಸ ಕಟ್ಟಡವಾಗಲಿ, ದುಬಾರಿಯಾದ ಯಂತ್ರವಾಗಲಿ ಬೇಡ. ಒಂದು ನೋಟುಪುಸ್ತಕ, ಬಸ್ಸಿನ ಚಾರ್ಜು, ಕೇಳುವ ತಾಳ್ಮೆ ಇಷ್ಟಿದ್ದರೆ ಸಾಕು.

ಕಾಲೇಜುಗಳು ಇದನ್ನು ಕೈಗೊಳ್ಳುವವರೆಗೆ ವಿದ್ಯಾರ್ಥಿಗಳು ಕಾಯಬೇಕಾಗಿಲ್ಲ. ಬರುವ ರಜೆಯಲ್ಲಿ ನಿಮ್ಮ ಊರಿನ ಹಾಲಿನ ಡೈರಿಗೆ ಹೋಗಿ, ಬೆಳಗಿನ ಹಾಲನ್ನು ಅಳೆದು ಪುಸ್ತಕದಲ್ಲಿ ಬರೆದುಕೊಳ್ಳುವ ಕ್ರಮವನ್ನು ಒಂದು ವಾರ ನೋಡಿ. ಏಳು ದಿನಗಳ ಕೊನೆಯಲ್ಲಿ ನಿಮ್ಮ ಪುಸ್ತಕದಲ್ಲಿ ಉತ್ತರಗಳಿಗಿಂತ ಪ್ರಶ್ನೆಗಳೇ ಹೆಚ್ಚಾಗಿದ್ದರೆ ಕೆಲಸವು ಸರಿಯಾಗಿ ಆರಂಭವಾಗಿದೆಯೆಂದು ತಿಳಿಯಿರಿ.